ಹೆಸರು ಹಲವು, ಎಂಜಿನ್ ಒಂದೇ

ಪ್ರಶ್ನೆ: ಅಕ್ಕಾ, ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತಿದ್ದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬಳಸುವುದು ಫೈರ್‌ಫಾಕ್ಸ್. ಎಲ್ಲ ತುಂಬಿದ ಮೇಲೆ ಫೋಟೊ ಅಪ್‌ಲೋಡ್ ಆಗಲೇ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ‘ಕ್ರೋಮ್‌ನಲ್ಲಿ ಮಾಡಿ’ ಅಂದು ಇಟ್ಟುಬಿಟ್ಟರು. ಕ್ರೋಮ್‌ನಲ್ಲಿ ಒಂದೇ ಸಲಕ್ಕೆ ಆಯಿತು. ಇನ್ನು ಫೈರ್‌ಫಾಕ್ಸ್ ಯಾಕೆ ಬೇಕು? ಕ್ರೋಮ್ ಬೇಡವೆಂದರೆ ಎಡ್ಜ್, ಬ್ರೇವ್ ಎಲ್ಲ ಇದೆಯಲ್ಲ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅರ್ಜಿ ಹೋಯಿತಲ್ಲ, ಅದು ಮುಖ್ಯ. ಕೊನೆಯ ದಿನ ಹತ್ತಿರ ಬಂದಾಗ ಯಾವುದರಲ್ಲಿ ಆಗುತ್ತದೋ ಅದರಲ್ಲಿ ಮಾಡಿ ಮುಗಿಸಬೇಕು. ಆದರೆ ಫೈರ್‌ಫಾಕ್ಸ್ ತೆಗೆಯಬೇಡಿ.

ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಇವೆಲ್ಲ ಹೊರಗಿನಿಂದ ಬೇರೆ ಬೇರೆ ಬ್ರೌಸರ್‌ಗಳು. ವೆಬ್‌ಸೈಟಿನ ಕೋಡ್ ಓದಿ ಪರದೆಯ ಮೇಲೆ ಪುಟ ಮೂಡಿಸುವ ಎಂಜಿನ್ ಮಾತ್ರ ಕ್ರೋಮ್‌ನದೇ, ಬ್ಲಿಂಕ್. ಒಪೆರಾ 2013ರಲ್ಲೇ ಸ್ವಂತ ಎಂಜಿನ್ ಬಿಟ್ಟಿತು. ಮೈಕ್ರೋಸಾಫ್ಟ್‌ನಷ್ಟು ದೊಡ್ಡ ಕಂಪನಿಯೂ 2020ರಲ್ಲಿ ಎಡ್ಜ್‌ಗೆ ಇದನ್ನೇ ಕೂರಿಸಿತು. ಇನ್ನುಳಿದ ದೊಡ್ಡ ಎಂಜಿನ್‌ಗಳು ಎರಡೇ: ಆಪಲ್‌ನ ವೆಬ್‌ಕಿಟ್, ಫೈರ್‌ಫಾಕ್ಸ್‌ನ ಗೆಕೊ. ವೆಬ್‌ಕಿಟ್ ಇರುವ ಆಪಲ್‌ನ ಬ್ರೌಸರ್ ಸಫಾರಿ ಈಗ ವಿಂಡೋಸ್‌ಗೆ ಬರುವುದಿಲ್ಲ. ಅಲ್ಲಿಗೆ ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಬೇರೆ ಎಂಜಿನ್ ಫೈರ್‌ಫಾಕ್ಸ್‌ನದೊಂದೇ.

ಒಂದೇ ಉಳಿದರೆ ನಷ್ಟವೇನು? ನಾನು ವಿರಾಜಪೇಟೆ ಕಡೆಯ ಸಹಕಾರ ಸಂಘವೊಂದರಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ನೋಡಿಕೊಂಡವಳು. ನಾವು ಪಟ್ಟಿ ಕಳಿಸಬೇಕಿದ್ದ ಕಚೇರಿಯ ವೆಬ್‌ಸೈಟ್ ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಯದರಲ್ಲಿ ತೆರೆಯುತ್ತಲೇ ಇರಲಿಲ್ಲ. ಅದೊಂದು ಕೆಲಸಕ್ಕಾಗಿ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದನ್ನು ಮೂಲೆಯಲ್ಲಿ ಸಾಕಿದ್ದೆವು. ಕಕ್ಕಡ ತಿಂಗಳ ಮಳೆಗೆ ಕೀಬೋರ್ಡಿನ ಮೇಲೆ ಬಿಳಿ ಬೂಷ್ಟು. ದಿನಾ ಬೆಳಿಗ್ಗೆ ಒರೆಸುತ್ತಿದ್ದೆ, ರಾತ್ರಿ ಪಕ್ಕದಲ್ಲಿ 60 ವಾಟಿನ ಬಲ್ಬು ಉರಿಸಿಟ್ಟು ಹೋಗುತ್ತಿದ್ದೆ. ಆದರೂ ಒಂದು ಮಳೆಗಾಲ ಅದರ ಹಾರ್ಡ್‌ಡಿಸ್ಕ್ ಹೋಯಿತು. ಮೈಸೂರಿನಿಂದ ಇನ್ನೊಂದು ಹಳೇ ಕಂಪ್ಯೂಟರ್ ಬರುವ ತನಕ ಬೆಳೆಗಾರರ ಸಬ್ಸಿಡಿ ಪಟ್ಟಿ ಹೋಗಲಿಲ್ಲ. ಕೌಂಟರಿನ ಮುಂದೆ ಒದ್ದೆ ಕೊಡೆ ಹಿಡಿದು ನಿಂತವರಿಗೆ ‘ಬ್ರೌಸರ್ ಇಲ್ಲ’ ಎಂದು ಹೇಗೆ ಹೇಳುವುದು?

ಆ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬಳಸುತ್ತಿದ್ದದ್ದು ಎಕ್ಸ್‌ಪ್ಲೋರರ್. ಪೈಪೋಟಿ ಇರಲಿಲ್ಲ, ಹಾಗಾಗಿ 2001ರ ಆರನೇ ಆವೃತ್ತಿಯ ನಂತರ ಏಳನೆಯದು ಬರಲು 2006 ಆಯಿತು. ನಡುವೆ 2004ರಲ್ಲಿ ಫೈರ್‌ಫಾಕ್ಸ್ ಬಂದ ಮೇಲೆಯೇ ವೆಬ್‌ಸೈಟ್ ಮಾಡುವವರು ಇನ್ನೊಂದು ಬ್ರೌಸರಿನಲ್ಲೂ ತೆರೆದು ನೋಡತೊಡಗಿದ್ದು.

ಈಗಿನ ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಬ್ರೌಸರ್, ನಿಮ್ಮ ಸಾಧನ ನಂಬಿಕೆಗೆ ಅರ್ಹವೇ ಎಂದು ಮೂರನೆಯವರಿಂದ ದೃಢಪಡಿಸಿಕೊಳ್ಳುವ ವ್ಯವಸ್ಥೆಯೊಂದನ್ನು 2023ರಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ಮುಂದಿಟ್ಟರು. ಅದು ಜಾರಿಯಾಗಿದ್ದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎನ್ನುವುದು ಕೆಲವೇ ಕಂಪನಿಗಳ ಕೈಗೆ ಹೋಗುವ ಅಪಾಯವಿತ್ತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಮತ್ತಿತರರು ವಿರೋಧಿಸಿದರು. ಅದೇ ವರ್ಷ ಗೂಗಲ್ ಅದನ್ನು ಕೈಬಿಟ್ಟಿತು. ಬೇಡ ಅನ್ನಲು ಸ್ವಂತ ಎಂಜಿನ್ ಇರುವವರು ಬೇಕು. ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್ ಜೊತೆಗಿನ ಸರ್ಚ್ ಒಪ್ಪಂದದಿಂದಲೇ ಎನ್ನುವುದೂ ನಿಜ. ನನಗೆ ಭಯ ಇರುವುದೂ ಅಲ್ಲೇ.

ಮುಂದಿನ ಸಲ ಹೀಗಾದರೆ ಮೊದಲು ವಿಳಾಸದ ಪಟ್ಟಿಯ ಎಡಗಡೆ ಇರುವ ಗುರಾಣಿ ಚಿಹ್ನೆ ಒತ್ತಿ, ಆ ಸೈಟಿಗೆ ಮಾತ್ರ ಟ್ರ್ಯಾಕಿಂಗ್ ರಕ್ಷಣೆ ಆಫ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಆಗದಿದ್ದರೆ ಕ್ರೋಮ್‌ನಲ್ಲಿ ಕೆಲಸ ಮುಗಿಸಿ, ಫೈರ್‌ಫಾಕ್ಸ್ ಮೆನುವಿನಿಂದಲೇ ಆ ಸೈಟಿನ ಬಗ್ಗೆ ದೂರು ಕಳಿಸಿ. ಸಹಾಯವಾಣಿಗೂ ಫೋನ್ ಬಿಟ್ಟು ಇಮೇಲ್ ಮಾಡಿ, ಸ್ಕ್ರೀನ್‌ಶಾಟ್ ಸೇರಿಸಿ. ‘ನಿಮ್ಮ ಅರ್ಜಿಯಲ್ಲಿ ಫೈರ್‌ಫಾಕ್ಸ್‌ನಿಂದ ಫೋಟೊ ಹೋಗುತ್ತಿಲ್ಲ, ಸರಿಪಡಿಸಿ’ ಎಂಬ ಒಂದು ಸಾಲು ಸಾಕು, ಕನ್ನಡದಲ್ಲೇ ಬರೆಯಿರಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.