ಅಮೆರಿಕದ ‘ಅಕ್ರಮ-ಸಕ್ರಮ’ದಿಂದ ಯಾರಿಗೆ ವೋಟು?

ನೀವು ಕೇಳಿರುವುದು ಇಷ್ಟು: ಅಕ್ರಮವಾಗಿ ಬಂದವರಿಗೆಲ್ಲ ಪೌರತ್ವ ಕೊಟ್ಟು ಒಂದು ಕೋಟಿ ವೋಟು ಗಿಟ್ಟಿಸುವುದು ಡೆಮಾಕ್ರಟಿಕ್ ಪಕ್ಷದ ಲೆಕ್ಕಾಚಾರವಂತೆ, ನಿಜವೇ? ನಿಜವಾದರೆ ಅಧಿಕಾರ ಕೈಯಲ್ಲಿದ್ದಾಗ ಯಾಕೆ ಮಾಡಲಿಲ್ಲ?

ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮೊದಲನೆಯದರ ಅರ್ಧ ಉತ್ತರ ಇದೆ. ನಾನು ಹದಿನೈದು ವರ್ಷದಿಂದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಎಚ್-1ಬಿ ಅನ್ನುವ ಕೆಲಸದ ವೀಸಾ. ಕಾಯಂ ಆಗಿ ಇರೋಕೆ ಬೇಕಾದ ಗ್ರೀನ್ ಕಾರ್ಡ್ ಕ್ಯೂನಲ್ಲಿ ನನ್ನದು 2014ರ ತಾರೀಖು. ಇಲ್ಲಿ ನನಗೆ ವೋಟಿಲ್ಲ. ವೋಟಿಲ್ಲದವನಿಗೆ ಚುನಾವಣೆ ನೋಡೋಕೆ ಪುರುಸೊತ್ತು ಜಾಸ್ತಿ.

ಇವರು ‘ಆಮ್ನೆಸ್ಟಿ’ ಅನ್ನುವುದನ್ನು ನಮ್ಮ ಕಡೆ ‘ಅಕ್ರಮ-ಸಕ್ರಮ’ ಅನ್ನುತ್ತೇವೆ. ಬಗರ್ ಹುಕುಂ ಜಮೀನಿಗೆ ನಮೂನೆ 50, ಆಮೇಲೆ 53, ಆಮೇಲೆ 57 ಅಂತ ಅರ್ಜಿ ಕರೆದರಲ್ಲ, ಹೆಚ್ಚುಕಡಿಮೆ ಅದೇ ಯೋಚನೆ. ಆದರೆ ಅಲ್ಲಿ ತಾಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ನಿಂತ ರೈತನ ಹೆಸರು ವೋಟರ್ ಲಿಸ್ಟಿನಲ್ಲಿ ಆಗಲೇ ಇರುತ್ತದೆ. ಶಾಸಕರು ಸಾಗುವಳಿ ಚೀಟಿ ಕೊಡಿಸಿದರೆ ಮುಂದಿನ ಚುನಾವಣೆಯಲ್ಲೇ ಫಲ ನೋಡಬಹುದು. ಇಲ್ಲಿ ಸಕ್ರಮ ಆಗಬೇಕಾದವನಿಗೆ ವೋಟೇ ಇಲ್ಲ. 2013ರಲ್ಲಿ ಬಂದು ಕಾನೂನಾಗದೇ ಹೋದ ಸಕ್ರಮ ಮಸೂದೆಯ ಪ್ರಕಾರ ಪೌರತ್ವ ಸಿಗೋಕೆ ಹದಿಮೂರು ವರ್ಷ ಬೇಕಿತ್ತು. ಇಲ್ಲಿನ ಕೆಳಮನೆಯ ಪ್ರತಿನಿಧಿ ಎರಡು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುತ್ತಾನೆ. ಕೊಡಿಸಿದವನು ಆರು ಸಲ ಗೆದ್ದು ಉಳಿದುಕೊಂಡಿದ್ದರೆ ಆಗ ಬರುತ್ತದೆ ಆ ವೋಟು!

ಒಂದೇ ಒಂದು ಸಲ ದೊಡ್ಡ ಮಟ್ಟದಲ್ಲಿ ಇದು ಆಗಿದೆ. 1986ರಲ್ಲಿ. ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ರೊನಾಲ್ಡ್ ರೇಗನ್. 1984ರ ಚುನಾವಣಾ ಚರ್ಚೆಯಲ್ಲೇ, ಟಿವಿ ಮುಂದೆ, ಇಲ್ಲಿ ಬೇರು ಬಿಟ್ಟವರಿಗೆ ಆಮ್ನೆಸ್ಟಿ ಕೊಡುವುದು ತನಗೆ ಒಪ್ಪಿಗೆ ಅಂತ ಆತ ಹೇಳಿದ್ದರು. ಈಗ ಅದೇ ಪಕ್ಷದಲ್ಲಿ ಆ ಪದ ಬೈಗುಳವಾಗಿದೆ. 1982ರ ಜನವರಿ 1ಕ್ಕಿಂತ ಮುಂಚೆ ಬಂದವರಿಗೆ ಒಂದು ದಾರಿ, ಹೊಲದಲ್ಲಿ ಕೂಲಿ ಮಾಡಿದವರಿಗೆ ಇನ್ನೊಂದು ದಾರಿ. ಒಟ್ಟು ಸುಮಾರು 27 ಲಕ್ಷ ಜನರಿಗೆ ಕಾಗದ, ಅಂದರೆ ಕಾನೂನುಬದ್ಧವಾಗಿ ಇರೋಕೆ ಅನುಮತಿ, ಸಿಕ್ಕಿತು. ಬದಲಿಗೆ ಇನ್ನು ಮುಂದೆ ಕಾಗದ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ದಂಡ ಅಂತ ಆಯಿತು. ಕಾಗದ ಕೊಟ್ಟಿದ್ದು ನಿಜ, ದಂಡ ಹಾಕಿದ್ದು ಅಷ್ಟಕ್ಕಷ್ಟೇ. ಸುಳ್ಳು ಕಾರ್ಡ್ ತೋರಿಸಿದರೂ ಮಾಲೀಕ ‘ನೋಡಿದ್ದೆ, ಸರಿ ಇತ್ತು’ ಅಂದರೆ ಮುಗಿಯಿತು. ಇವತ್ತಿಗೂ ವಿರೋಧಿಗಳು ಎತ್ತುವ ಮೊದಲ ಮಾತು ಇದೇ: ‘ಒಂದು ಸಲ ಮೋಸ ಹೋದೆವು, ಇನ್ನೊಂದು ಸಲ ಇಲ್ಲ.’ ಅವರ ಆ ಮಾತಿನಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ.

ಆ 27 ಲಕ್ಷದ ವೋಟು ಯಾರಿಗೆ ಹೋಯಿತು ಅನ್ನುವ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೊದಲು ತಾತ್ಕಾಲಿಕ ಕಾಗದ, ಆಮೇಲೆ ಗ್ರೀನ್ ಕಾರ್ಡ್, ಅದಾಗಿ ಐದು ವರ್ಷಕ್ಕೆ ಪೌರತ್ವ. ಅಂದರೆ ಇವರಿಗೆ ಪೌರತ್ವಕ್ಕೆ ಅರ್ಜಿ ಹಾಕುವ ಹೊತ್ತು ಬಂದಿದ್ದು 1990ರ ದಶಕದ ಮಧ್ಯದಲ್ಲಿ. ಸರಿಯಾಗಿ ಅದೇ ಹೊತ್ತಿಗೆ, 1994ರಲ್ಲಿ, ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಮರುಚುನಾವಣೆಗೆ ನಿಂತಿದ್ದರು. ಕಾಗದ ಇಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಚಿಕಿತ್ಸೆ ಬಿಟ್ಟು ಬೇರೆ ಆಸ್ಪತ್ರೆ ಸೇವೆ ಇಲ್ಲ ಅನ್ನುವ ‘ಪ್ರಾಪೊಸಿಷನ್ 187’ರ (ಜನರೇ ನೇರವಾಗಿ ವೋಟು ಹಾಕಿ ತೀರ್ಮಾನಿಸುವ ಪ್ರಸ್ತಾವ) ಬೆನ್ನಿಗೆ ನಿಂತರು. ಅದು ಸುಮಾರು 59% ವೋಟಿನಿಂದ ಗೆದ್ದಿತು, ವಿಲ್ಸನ್ ಕೂಡ ಗೆದ್ದರು. ಕೋರ್ಟು ತಡೆದಿದ್ದರಿಂದ ಅದರ ಮುಖ್ಯ ಭಾಗ ಜಾರಿಗೆ ಬರಲಿಲ್ಲ. ಆದರೆ ಹೆದರಿದ ಜನ ಪೌರತ್ವಕ್ಕೆ ಸಾಲುಗಟ್ಟಿದರು. 1996 ಒಂದೇ ವರ್ಷದಲ್ಲಿ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಪೌರರಾದರು. 1986ರ ಯೋಜನೆಯಲ್ಲಿ ಅರ್ಜಿ ಹಾಕಿದವರಲ್ಲಿ ದೊಡ್ಡ ಪಾಲು ಕ್ಯಾಲಿಫೋರ್ನಿಯಾದವರೇ ಆಗಿದ್ದರು ಅನ್ನುವುದನ್ನೂ ನೆನಪಿಡಿ. 1988ರ ನಂತರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ನರು ಆ ರಾಜ್ಯ ಗೆದ್ದೇ ಇಲ್ಲ. ಇದಕ್ಕೆ 187 ಒಂದೇ ಕಾರಣ ಅಲ್ಲ. ಆದರೂ ನೋಡಿ, ಸಹಿ ಹಾಕಿದ್ದು ಒಂದು ಪಕ್ಷದ ಅಧ್ಯಕ್ಷ, ವೋಟು ಹೋಗಿದ್ದು ಇನ್ನೊಂದು ಪಕ್ಷಕ್ಕೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನನ್ನನ್ನು ಕೇಳಿದರೆ, ಅಧಿಕಾರ ಅವರ ಕೈಯಲ್ಲೇ ಇದ್ದ ಒಂದೇ ದಿನ ತೋರಿಸುತ್ತೇನೆ: 2010ರ ಡಿಸೆಂಬರ್ 18. ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಬಂದವರಿಗೆ ಕಾಗದ ಕೊಡುವ ಡ್ರೀಮ್ ಆಕ್ಟ್ ಅವತ್ತು ಸೆನೆಟಿಗೆ, ಅಂದರೆ ಮೇಲ್ಮನೆಗೆ, ಬಂದಿತ್ತು. ಇಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕು ಅಂದರೂ ನೂರರಲ್ಲಿ 60 ಬೇಕು. ಸಿಕ್ಕಿದ್ದು 55. ಮೂವರು ರಿಪಬ್ಲಿಕನ್ನರು ಪರವಾಗಿ ಹಾಕಿದ್ದರು. ವಿರುದ್ಧ ಹಾಕಿದವರಲ್ಲಿ ಡೆಮಾಕ್ರಟಿಕ್ ಪಕ್ಷದವರು ಎಷ್ಟು ಗೊತ್ತಾ? ಐದು. 55ಕ್ಕೆ ಐದು ಕೂಡಿಸಿ ನೋಡಿ. ಮೊಂಟಾನಾ, ನೆಬ್ರಾಸ್ಕಾ, ಅರ್ಕಾನ್ಸಾ, ನಾರ್ತ್ ಕ್ಯಾರೊಲಿನಾ ಕಡೆಯವರು. ದೇಶಕ್ಕೆಲ್ಲ ಒಂದು ಕೋಟಿ ವೋಟು ಬರುತ್ತದೆ ಅನ್ನುವ ಲೆಕ್ಕ ಮೊಂಟಾನಾ ಸೆನೆಟರಿಗೆ ಯಾಕೆ ಬೇಕು? ಅವನಿಗೆ ಬೇಕಾಗಿದ್ದು ಮೊಂಟಾನಾದ ವೋಟು. 2007ರಲ್ಲಿ ಅಧ್ಯಕ್ಷ ಬುಷ್ ಬೆಂಬಲಿಸಿದ್ದ ಸಕ್ರಮ ಮಸೂದೆ 46-53ರಲ್ಲಿ ಬಿದ್ದಾಗಲೂ ಹೀಗೆಯೇ. ಕೂಲಿ ಇಳಿಯುತ್ತದೆ ಅನ್ನುವ ಕಾರಣಕ್ಕೆ ಡೆಮಾಕ್ರಟಿಕ್ ಪಕ್ಷದ ಜೊತೆಗಿರುವ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೂಡ ವಿರುದ್ಧ ಹಾಕಿದ್ದರು.

ಹಾಗಾದರೆ ಡೆಮಾಕ್ರಟಿಕ್ ಪಕ್ಷಕ್ಕೆ ಇದರಲ್ಲಿ ಲಾಭವೇ ಇಲ್ಲವಾ? ಇದೆ. ಆದರೆ ಆ ವೋಟು ಕಾಗದ ಇಲ್ಲದವರದ್ದಲ್ಲ. ಇಲ್ಲೇ ಹುಟ್ಟಿ ಪೌರರಾದ ಅವರ ಮಕ್ಕಳು, ಅಣ್ಣತಮ್ಮಂದಿರು, ಬೀಗರು ಇದ್ದಾರಲ್ಲ, ಅವರದ್ದು. ಒಬಾಮ 2012ರ ಜೂನ್ 15ರಂದು, ಚುನಾವಣೆಗೆ ಐದು ತಿಂಗಳಿದ್ದಾಗ, ಹೀಗೆ ಚಿಕ್ಕವರಿದ್ದಾಗ ಬಂದವರಿಗೆ ‘ಡಾಕಾ’ ಅನ್ನುವ ಯೋಜನೆ ಘೋಷಿಸಿದರು. ಕಾನೂನಲ್ಲ, ಪೌರತ್ವವೂ ಅಲ್ಲ. ಎರಡೆರಡು ವರ್ಷಕ್ಕೆ ಗಡೀಪಾರು ಮುಂದೂಡಿಕೆ, ಕೆಲಸದ ಪರ್ಮಿಟ್, ಅಷ್ಟೇ. ಎದುರಾಳಿ ಮಿಟ್ ರೋಮ್ನಿ ಕಾಗದ ಇಲ್ಲದವರು ತಾವಾಗೇ ವಾಪಸ್ ಹೋಗುವಂತೆ ಮಾಡಬೇಕು ಅಂದಿದ್ದರು. ಅವರಿಗೆ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ವೋಟಿನಲ್ಲಿ ಸಿಕ್ಕಿದ್ದು 27%.

ಆ ಪೆಟ್ಟಿಗೆ ಬೆಚ್ಚಿಬಿದ್ದ ರಿಪಬ್ಲಿಕನ್ ಪಕ್ಷ ತಾನೇ ಸೋಲಿನ ವರದಿ ಬರೆದು, ವಲಸೆ ಸುಧಾರಣೆ ಬೇಕು ಅಂತು. 2013ರ ಜೂನ್‌ನಲ್ಲಿ ಎರಡೂ ಪಕ್ಷದ ಎಂಟು ಸೆನೆಟರುಗಳು ಸೇರಿ ಬರೆದ ಮಸೂದೆ 68-32ರಲ್ಲಿ ಸೆನೆಟ್ ದಾಟಿತು. ನಮ್ಮ ಆಫೀಸಿನಲ್ಲಿ ಅವತ್ತು ಹಬ್ಬ! ಅದರಲ್ಲಿ ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ 7% ಅನ್ನುವ ಮಿತಿ ತೆಗೆಯುವ ಮಾತಿತ್ತು. ಭಾರತದವರ ಕ್ಯೂ ಇಷ್ಟುದ್ದ ಆಗಿರುವುದೇ ಆ ಮಿತಿಯಿಂದ. ಆದರೆ ಕೆಳಮನೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ.

ಯಾಕೆ ಅಂದರೆ ಪ್ರೈಮರಿ. ಇಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ, ಪಕ್ಷದ ಬೆಂಬಲಿಗರೇ ವೋಟು ಹಾಕಿ ಆರಿಸುತ್ತಾರೆ. ಜಾಸ್ತಿ ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಅಸಲಿ ಚುನಾವಣೆ ಪ್ರೈಮರಿಯೇ. 2014ರ ಜೂನ್ 10ರಂದು ವರ್ಜೀನಿಯಾದಲ್ಲಿ ಎರಿಕ್ ಕ್ಯಾಂಟರ್ ಸೋತರು. ಕೆಳಮನೆಯಲ್ಲಿ ಪಕ್ಷದ ನಂಬರ್ ಟೂ, ಮುಂದಿನ ಸ್ಪೀಕರ್ ಅಂತಿದ್ದ ಮನುಷ್ಯ. ಸೋಲಿಸಿದವರು ಡೇವ್ ಬ್ರ್ಯಾಟ್ ಅನ್ನುವ ಕಾಲೇಜು ಮೇಷ್ಟ್ರು. ‘ಕ್ಯಾಂಟರ್ ಆಮ್ನೆಸ್ಟಿ ಕೊಡಿಸುತ್ತಾನೆ’ ಅಂತ ಪ್ರಚಾರ. ತಮಾಷೆ ಅಂದರೆ, ಆಮ್ನೆಸ್ಟಿ ತಡೆದಿದ್ದೇ ನಾನು ಅಂತ ಕ್ಯಾಂಟರ್ ಮನೆಮನೆಗೆ ಕರಪತ್ರ ಕಳಿಸಿದ್ದರು! ಏಳು ಲಕ್ಷಕ್ಕೂ ಹೆಚ್ಚು ಜನರಿರುವ ಕ್ಷೇತ್ರ, ವೋಟು ಹಾಕಿದವರು ಸುಮಾರು 65 ಸಾವಿರ. ಅದೇ ದಿನ ಸೌತ್ ಕ್ಯಾರೊಲಿನಾದಲ್ಲಿ ಲಿಂಡ್ಸೆ ಗ್ರಹಾಂ ಪ್ರೈಮರಿ ಗೆದ್ದರು, ಆತ ಆ ಎಂಟು ಸೆನೆಟರುಗಳಲ್ಲಿ ಒಬ್ಬ. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ರಾಜಕಾರಣಿಗಳ ಕಣ್ಣಿಗೆ ಕಂಡಿದ್ದು ಬಿದ್ದವನು ಮಾತ್ರ.

ಸಮೀಕ್ಷೆ ಮಾಡಿದಾಗ, ಬಹುಕಾಲದಿಂದ ಇರುವವರಿಗೆ ಒಂದು ದಾರಿ ಮಾಡಿಕೊಡಿ ಅನ್ನುವವರೇ ಹೆಚ್ಚಾಗಿ ಬಹುಮತದಲ್ಲಿರುತ್ತಾರೆ. ಆದರೆ ಅವರಿಗೆ ಇದು ಹತ್ತರಲ್ಲಿ ಹನ್ನೊಂದನೇ ವಿಷಯ. ಬೇಡ ಅನ್ನುವವರು ಇದೊಂದಕ್ಕೇ ಮಳೆಯಲ್ಲಿ ನೆನೆದುಕೊಂಡು ಬಂದು ಪ್ರೈಮರಿಯಲ್ಲಿ ವೋಟು ಹಾಕುತ್ತಾರೆ.

2021ರಲ್ಲಿ ಬೈಡನ್ ಮೊದಲ ದಿನವೇ ಸುಮಾರು 1.1 ಕೋಟಿ ಜನರಿಗೆ ಎಂಟು ವರ್ಷದ ದಾರಿ ಇರುವ ಮಸೂದೆ ಪ್ರಕಟಿಸಿದರು. ಸೆನೆಟಿನಲ್ಲಿ 50-50, 60 ಎಲ್ಲಿಂದ ತರುವುದು? 51ರಲ್ಲಿ ಪಾಸಾಗುವ ಬಜೆಟ್ ಮಸೂದೆಯೊಳಗೆ ತೂರಿಸಲು ನೋಡಿದರು. ಸೆನೆಟಿನ ನಿಯಮ ಹೇಳುವ ಅಧಿಕಾರಿ ಆಗುವುದಿಲ್ಲ ಅಂದರು, ಪಕ್ಷ ಸುಮ್ಮನಾಯಿತು. 2024ರ ಫೆಬ್ರವರಿ ಹೊತ್ತಿಗೆ ಎರಡೂ ಪಕ್ಷ ಕೂತು ಮಾತಾಡಿದ ಗಡಿ ಮಸೂದೆಯಲ್ಲಿ ಸಕ್ರಮದ ಮಾತೇ ಇರಲಿಲ್ಲ. ಅದೂ ಬಿತ್ತು.

‘ಲ್ಯಾಟಿನೊ ಅಂದರೆ ಡೆಮಾಕ್ರಟಿಕ್ ವೋಟು’ ಅನ್ನುವ ನಂಬಿಕೆಯಂತೂ 2024ರಲ್ಲಿ ಚೂರಾಯಿತು. ಎಕ್ಸಿಟ್ ಪೋಲ್ ಪ್ರಕಾರ ಟ್ರಂಪ್‌ಗೆ ಅವರಲ್ಲಿ 46% ಸಿಕ್ಕಿತು. ನಮ್ಮ ಟೆಕ್ಸಸ್ ಗಡಿಯ ಸ್ಟಾರ್ ಕೌಂಟಿಯಲ್ಲಿ ನೂರಕ್ಕೆ 97 ಜನ ಲ್ಯಾಟಿನೊ. 1892ರ ನಂತರ ಮೊದಲ ಸಲ ಅಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಗೆದ್ದರು. ಈಗ ಫ್ಲೋರಿಡಾದ ರಿಪಬ್ಲಿಕನ್ ಪ್ರತಿನಿಧಿ ಮರಿಯಾ ಎಲ್ವಿರಾ ಸಲಜಾರ್ ‘ಡಿಗ್ನಿಟಿ ಆಕ್ಟ್’ ಅಂತ ಹಿಡಿದು ಓಡಾಡುತ್ತಿದ್ದಾರೆ. ಏಳು ವರ್ಷದಲ್ಲಿ 7000 ಡಾಲರ್ ದಂಡ ಕಟ್ಟಿ, ಕೆಲಸ ಮಾಡಿ, ಪೌರತ್ವ ಮಾತ್ರ ಇಲ್ಲ. ಅಂದರೆ ವೋಟೂ ಇಲ್ಲ. ವೋಟಿನ ಅನುಮಾನವನ್ನೇ ಕಿತ್ತುಹಾಕಿ ಸಕ್ರಮ ಮಾಡುವ ಪ್ರಯತ್ನ ಅದು. ಅದಕ್ಕೂ ‘ಆಮ್ನೆಸ್ಟಿ’ ಹಣೆಪಟ್ಟಿ ಅಂಟಿಸಿದ್ದಾರೆ.

ನಮ್ಮ ಬೀದಿಯಲ್ಲಿ ಒಬ್ಬರು ಮೆಕ್ಸಿಕೊ ಮೂಲದ ಅಜ್ಜ ಇದ್ದಾರೆ. ಆಲಿಕಲ್ಲು ಮಳೆಗೆ ಹೋದ ಚಾವಣಿ ಹಾಕಿಸುವ ಕಾಂಟ್ರಾಕ್ಟರ್ ಆಗಿದ್ದವರು. ರೇಗನ್ ಕಾಲದಲ್ಲಿ ಕಾಗದ ಸಿಕ್ಕಿದ್ದು, ಆಗ ಕ್ಯಾಲಿಫೋರ್ನಿಯಾದಲ್ಲಿದ್ದರು. 187ಕ್ಕೆ ಹೆದರಿ ಪೌರರಾಗಿ, 1996ರಲ್ಲಿ ಮೊದಲ ವೋಟು ಕ್ಲಿಂಟನ್‌ಗೆ ಹಾಕಿದರಂತೆ. 2024ರಲ್ಲಿ ಹಾಕಿದ್ದು ಟ್ರಂಪ್‌ಗೆ. ನಿಮ್ಮಂಥವರಿಗೇ ಕಾಗದ ಬೇಡ ಅನ್ನೋರಿಗೆ ಹಾಕಿದಿರಲ್ಲ ಅಂತ ಕೇಳಿದೆ. ‘ನಮಗೆ ಕೊಟ್ಟಾಗ ಇದೇ ಕೊನೆ ಅಂದಿದ್ರು’ ಅಂದರು. ಆಮೇಲೆ ನನ್ನ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ಅಂತ ವಿಚಾರಿಸಿದರು. 2014ರಿಂದ ಕ್ಯೂ ಅಂದೆ. ಅವರಿಗೆ ಮೂರು ವರ್ಷದೊಳಗೆ ಬಂದಿತ್ತಂತೆ. ‘ನೀನು ವೀಸಾ ಹಾಕಿಸ್ಕೊಂಡು ವಿಮಾನದಲ್ಲಿ ಬಂದೆ, ಅಲ್ವಾ? ಅದೇ ತಪ್ಪು ಮಾಡಿದ್ದು’ ಅಂತ ಜೋರಾಗಿ ನಕ್ಕರು.