ಓಡದ ಕಾರಿಗೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿರುವ ನಿವೃತ್ತ ದಂಪತಿ ನಾವು. ನಮ್ಮ ಪೆಟ್ರೋಲ್ ಕಾರು 14 ತಿಂಗಳಲ್ಲಿ ಓಡಿರುವುದು 1,700 ಕಿ.ಮೀ. ಮಾತ್ರ, ಅದೂ ಮಾರುಕಟ್ಟೆಗೆ, ದೇವಸ್ಥಾನಕ್ಕೆ. ಉಳಿದ ದಿನ ಬೆಳಿಗ್ಗೆ ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತೇನೆ. 10,000 ಕಿ.ಮೀ. ಆಗುವವರೆಗೆ ಎಂಜಿನ್ ಆಯಿಲ್ ಬದಲಿಸಬೇಕಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಕಾರಿನ ಕೈಪಿಡಿ ತೆರೆದು ನೋಡಿ. ಕಿಲೋಮೀಟರಿನ ಪಕ್ಕದಲ್ಲೇ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದೇ ಗಡುವು. ಅನೇಕ ಪೆಟ್ರೋಲ್ ಕಾರುಗಳಿಗೆ ಅದು 10,000 ಕಿ.ಮೀ. ಅಥವಾ 12 ತಿಂಗಳು. ಆ ಲೆಕ್ಕದಲ್ಲಿ ನೀವು ಈಗಾಗಲೇ ತಡ ಮಾಡಿದ್ದೀರಿ.

ಆದರೆ ನನಗೆ ಹೆಚ್ಚು ಕಳವಳ ತಂದದ್ದು ಆ ಐದು ನಿಮಿಷದ ಸ್ಟಾರ್ಟ್. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಆವಿ, ಉರಿಯದ ಪೆಟ್ರೋಲಿನೊಂದಿಗೆ, ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿ ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೋಗುತ್ತವೆ, ಕಾಯದಿದ್ದರೆ ಅಲ್ಲೇ ಉಳಿದು ಆಮ್ಲವನ್ನೂ ಕೆಸರನ್ನೂ ಹುಟ್ಟಿಸುತ್ತವೆ. ಆಮ್ಲವನ್ನು ತಡೆಯಲೆಂದು ಆಯಿಲ್‌ಗೆ ಬೆರೆಸಿರುವ ಅಂಶವೂ ಹೀಗೆ ಕ್ರಮೇಣ ಖರ್ಚಾಗುತ್ತದೆ. ಟೆಂಪರೇಚರ್ ಮುಳ್ಳು ಮೇಲೇರಿತೆಂದು ನಂಬಬೇಡಿ, ಅದು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಬಿಸಿಯನ್ನು. ಆಯಿಲ್ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಾಳೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡು ಅಂಟಿದ್ದರೆ ಅದು ಬಹುಮಟ್ಟಿಗೆ ಈ ತೇವದ ಗುರುತೇ. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಆಯಿಲ್ ಕೂಡ ಹಾಗೆಯೇ ಇದ್ದು, ಕೂಲಂಟಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಬೆರೆಯದಂತೆ ತಡೆಯುವ ಎಂಜಿನ್ ಪದರ) ಸೋರಿಕೆಯ ಶಂಕೆಯಿಂದ ಕಾರನ್ನು ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ.

ಅಂಗಳದ ಸ್ಟಾರ್ಟ್ ಇಂದೇ ನಿಲ್ಲಿಸಿ. ಬದಲಿಗೆ ವಾರಕ್ಕೊಮ್ಮೆ ಹರಿಹರದವರೆಗೆ ಹೋಗಿ ಬನ್ನಿ. ಹೋಗಿ ಬರುವ ಸುಮಾರು 28 ಕಿ.ಮೀ. ಓಟದಲ್ಲಿ ಆಯಿಲ್ ಪೂರ್ತಿ ಕಾಯುತ್ತದೆ, ಬ್ಯಾಟರಿಗೂ ಚಾರ್ಜ್ ಸಿಗುತ್ತದೆ. ಸಿಂಥೆಟಿಕ್ ಆಯಿಲ್ ಹಾಕಿಸಿದರೂ ವರ್ಷದ ಗಡುವು ತಪ್ಪಿಸಬೇಡಿ, ಫಿಲ್ಟರನ್ನೂ ಜೊತೆಗೇ ಬದಲಿಸಿ. ಈ ಬಾರಿ ಹರಿಹರದಿಂದ ಮರಳುವಾಗ ನೇರವಾಗಿ ಗ್ಯಾರೇಜಿಗೇ ಹೋಗಿ: ಬೆಚ್ಚಗಿನ ಆಯಿಲ್ ತಳದ ಕೆಸರನ್ನೂ ಎಳೆದುಕೊಂಡು ಇಳಿಯುತ್ತದೆ.