ಬೆಕ್ಕಿಗೆ ಊಟ ಬೇಡವೋ, ತಿನ್ನಲಾಗುತ್ತಿಲ್ಲವೋ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ತೋಟದ ಮನೆ, ಮನೆಯವರೆಲ್ಲರೂ ಸಸ್ಯಾಹಾರಿಗಳು. ಮೂರು ವರ್ಷದ ಹೆಣ್ಣು ಬೆಕ್ಕೊಂದಿದೆ, ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ. ಚಿಕ್ಕಂದಿನಿಂದ ಹಾಲನ್ನ, ಮೊಸರನ್ನ ತಿಂದು ಬೆಳೆದದ್ದು. ಮಗ ಬೆಂಗಳೂರಿನಿಂದ ಒಣ ಕ್ಯಾಟ್‌ಫುಡ್‌ನ ದೊಡ್ಡ ಚೀಲವೊಂದನ್ನು ತಂದುಕೊಟ್ಟ. ಒಂದು ವಾರ ಆಸೆಯಿಂದ ತಿಂದಿತು. ಈಗ ಮೂಸಿ ನೋಡಿ, ತಟ್ಟೆಯ ಸುತ್ತ ನೆಲವನ್ನು ಕೆರೆದು, ಹೊರಟುಹೋಗುತ್ತದೆ. ಹಾಲನ್ನು ಮಾತ್ರ ಕೇಳಿ ಕುಡಿಯುತ್ತದೆ. ಎರಡು ಮೂರು ದಿನ ಉಪವಾಸ ಕೆಡವಿದರೆ ತಾನಾಗಿ ದಾರಿಗೆ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತಿದ್ದೇನೆ, ಏಕೆಂದರೆ ನನ್ನಲ್ಲಿಗೆ ಬರುವ ಬೆಕ್ಕುಗಳ ಪೈಕಿ ಕೆಲವು ಈ ಒಂದು ಸಲಹೆಯಿಂದಲೇ ಜೀವ ಕಳೆದುಕೊಂಡಿವೆ. ಹಸಿದ ನಾಯಿ ಕೊನೆಗೆ ಕೊಟ್ಟದ್ದನ್ನು ತಿನ್ನುತ್ತದೆ ಎಂಬುದು ಬಹುಮಟ್ಟಿಗೆ ನಿಜ. ಬೆಕ್ಕಿನ ದೇಹ ಆ ಲೆಕ್ಕಕ್ಕೆ ಸಿಗುವುದಿಲ್ಲ. ಊಟ ನಿಂತಾಗ ಅದರ ಮೈಯಲ್ಲಿ ಶೇಖರವಾಗಿರುವ ಕೊಬ್ಬು ಕರಗಿ ರಕ್ತದ ಮೂಲಕ ಯಕೃತ್ತಿಗೆ ಬಂದು ಸೇರುತ್ತದೆ, ಮತ್ತು ಅಷ್ಟು ಕೊಬ್ಬನ್ನು ಒಮ್ಮೆಲೇ ಬಳಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವಾದ್ದರಿಂದ ಅಲ್ಲಿನ ಜೀವಕೋಶಗಳಲ್ಲೇ ಅದು ತುಂಬಿಕೊಳ್ಳುತ್ತದೆ. ಆಗ ವಾಕರಿಕೆ ಶುರುವಾಗಿ, ಮೊದಲು ಊಟ ಬೇಡವೆಂದ ಬೆಕ್ಕು ಈಗ ಬೇಕೆಂದರೂ ತಿನ್ನಲಾರದ ಸ್ಥಿತಿಗೆ ಬರುತ್ತದೆ. ಕಿವಿಯ ಒಳಚರ್ಮ ಮತ್ತು ವಸಡು ಹಳದಿಯಾಗುವ ಹೊತ್ತಿಗೆ, ಕೊಳವೆ ಹಾಕಿ ವಾರಗಟ್ಟಲೆ ಉಣಿಸುವುದರ ಹೊರತು ಬೇರೆ ದಾರಿ ಉಳಿದಿರುವುದಿಲ್ಲ. ದುಂಡಗೆ ಮೈತುಂಬಿಕೊಂಡ ಬೆಕ್ಕುಗಳಿಗೇ ಈ ಅಪಾಯ ಹೆಚ್ಚು. ಸಂತಾನಹರಣವಾದ ಬೆಕ್ಕುಗಳು ಸಾಮಾನ್ಯವಾಗಿ ಮೈ ತುಂಬಿಕೊಳ್ಳುತ್ತವೆ ಎಂಬುದನ್ನು ನೆನಪಿನಲ್ಲಿಡಿ. ದೊಡ್ಡ ಬೆಕ್ಕು ಒಂದು ಇಡೀ ದಿನ ಏನನ್ನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಬೇಕು, ಎರಡು ದಿನವಾದರೆ ಕರೆದೊಯ್ಯಲೇಬೇಕು. ಮರಿಯಾದರೆ ಅರ್ಧ ದಿನವೂ ಕಾಯಬಾರದು.

ಇನ್ನು, ಬೆಕ್ಕಿಗೆ ಊಟ ನಿಜವಾಗಿ ಬೇಡವಾಗಿದೆಯೋ ಅಥವಾ ತಿನ್ನಲು ಆಗುತ್ತಿಲ್ಲವೋ ಎಂಬುದನ್ನು ತಿಳಿಯಬೇಕು. ಎರಡು ಮಳೆಗಾಲದ ಹಿಂದೆ ಮಹಿಳೆಯೊಬ್ಬರು ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಬಂದರು. "ಇದಕ್ಕೆ ಸೊಕ್ಕು ಬಂದಿದೆ ಡಾಕ್ಟರೇ, ಮೀನು ಹಾಕಿದರೂ ಮುಖ ತಿರುಗಿಸುತ್ತದೆ" ಎಂದರು. ಬೆಕ್ಕು ಮುಂಗಾಲಿನಿಂದ ಬಾಯಿಯ ಪಕ್ಕವನ್ನು ಆಗಾಗ ಒರೆಸಿಕೊಳ್ಳುತ್ತಿತ್ತು, ಗದ್ದದ ಕೂದಲು ಜೊಲ್ಲಿನಿಂದ ಅಂಟಿಕೊಂಡಿತ್ತು. ಬಾಯಿ ತೆರೆದು ನೋಡಿದರೆ, ಮೇಲಿನ ಎರಡು ಸಾಲು ದವಡೆಹಲ್ಲುಗಳ ನಡುವೆ, ಅಂಗುಳಿಗೆ ಅಡ್ಡವಾಗಿ, ಮೀನಿನ ಮುಳ್ಳೊಂದು ತೊಲೆಯಂತೆ ಕೂತಿತ್ತು. ಅದರ ಎರಡೂ ತುದಿಗಳಲ್ಲಿ ವಸಡು ಬಾತು ಕೆಂಪಾಗಿತ್ತು. ಇಕ್ಕಳದಿಂದ ಅದನ್ನು ತೆಗೆದ ಸ್ವಲ್ಪ ಹೊತ್ತಿಗೆಲ್ಲ ಬೆಕ್ಕು ನನ್ನ ಅಂಗೈಯಿಂದಲೇ ಬೇಯಿಸಿದ ಕೋಳಿಯ ಚೂರುಗಳನ್ನು ತಿಂದಿತು. ಐದು ದಿನಗಳ ಕಾಲ ಆ ಜೀವ ತಟ್ಟೆಯ ಬಳಿಗೆ ಬಂದು ಬಂದು ಹಿಂದಿರುಗಿದ್ದು ಹಸಿವಿನಿಂದಲೇ, ನೋವು ತಡೆಯಲಾರದೆ.

ಆದ್ದರಿಂದ ನಿಮ್ಮ ಬೆಕ್ಕು ತಟ್ಟೆಯ ಮುಂದೆ ಏನು ಮಾಡುತ್ತದೆ ಎಂಬುದನ್ನು ಕೂತು ನೋಡಿ. ಆಸೆಯಿಂದ ಬಂದು, ಒಂದು ತುತ್ತು ಹಿಡಿದು ಕೆಳಗೆ ಬೀಳಿಸಿದರೆ, ಒಂದೇ ಪಕ್ಕದಿಂದ ಅಗಿದರೆ, ಜೊಲ್ಲು ಸುರಿಸಿದರೆ, ಬಾಯಿ ವಾಸನೆ ಬಂದರೆ ಹಲ್ಲು ಅಥವಾ ವಸಡಿನ ತೊಂದರೆ ಇರಬಹುದು. ಸೀನು, ಕಣ್ಣಲ್ಲಿ ನೀರು, ಮೂಗು ಕಟ್ಟಿರುವುದು ಕಂಡರೆ ಬೆಕ್ಕುಗಳ ನೆಗಡಿ ಇರಬಹುದು. ವಾಸನೆ ಹತ್ತದ ಬೆಕ್ಕು ಎದುರಿಗಿರುವುದನ್ನು ಆಹಾರವೆಂದೇ ಗುರುತಿಸುವುದಿಲ್ಲ. ನಿಮ್ಮ ಬೆಕ್ಕು ಹಾಲನ್ನು ಕೇಳಿ ಕುಡಿಯುತ್ತಿದೆ, ಓಡಾಡಿಕೊಂಡಿದೆ ಎಂದಾದರೆ ಅಷ್ಟು ಭಯಪಡಬೇಕಿಲ್ಲ. ಆದರೂ ತೂಕ ನೋಡುವುದು ಒಳ್ಳೆಯದು. ಅಡಿಕೆ ತೂಗುವ ಯಂತ್ರ ನಿಮ್ಮಲ್ಲಿ ಇದ್ದೇ ಇರುತ್ತದೆ. ಮುಚ್ಚಳವಿರುವ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟು ತೂಗಿ, ಬುಟ್ಟಿಯ ತೂಕವನ್ನು ಕಳೆದು, ವಾರಕ್ಕೊಮ್ಮೆ ಬರೆದಿಡಿ. ತೂಕ ಇಳಿಯದೆ ಇದ್ದರೆ ಅದು ಬೇರೆಲ್ಲೋ ಹೊಟ್ಟೆ ತುಂಬಿಸಿಕೊಳ್ಳುತ್ತಿದೆ ಎಂದರ್ಥ. ಅಡಿಕೆ ಅಟ್ಟದ ಇಲಿಗಳೋ, ನೆರೆಮನೆಯ ಹಿತ್ತಿಲೋ, ನೀವೇ ಕೊಡುವ ಹಾಲೋ ಆಗಿರಬಹುದು.

ಚೀಲದ ಆಹಾರ ಏಕೆ ರುಚಿಸದೆ ಹೋಯಿತು ಎಂಬುದಕ್ಕೆ ನನ್ನ ಮೊದಲ ಅನುಮಾನ ನಿಮ್ಮ ಊರಿನ ಹವೆಯ ಮೇಲೆ. ಒಣ ಆಹಾರದ ಕಾಳುಗಳ ಮೇಲೆ ಕೊಬ್ಬಿನ ಲೇಪವಿರುತ್ತದೆ, ಬೆಕ್ಕನ್ನು ಸೆಳೆಯುವುದು ಆ ವಾಸನೆಯೇ. ಬಾಯಿ ತೆರೆದ ದೊಡ್ಡ ಚೀಲ ಮಲೆನಾಡಿನ ತೇವದಲ್ಲಿ ಒಂದೆರಡು ವಾರ ಕೂತರೆ ಕಾಳು ಮೆತ್ತಗಾಗುತ್ತದೆ, ಕೊಬ್ಬು ಕಮಟಲು ಹಿಡಿಯುತ್ತದೆ. ನಮ್ಮ ಮೂಗಿಗೆ ಗೊತ್ತಾಗುವ ಮೊದಲೇ ಬೆಕ್ಕಿಗೆ ಗೊತ್ತಾಗುತ್ತದೆ. ಬೆಕ್ಕಿನ ನಾಲಿಗೆಯಲ್ಲಿ ರುಚಿಮೊಗ್ಗುಗಳು ಕೆಲವು ನೂರು ಮಾತ್ರ, ಮನುಷ್ಯರಿಗೆ ಸಾವಿರಾರು. ಹಾಗಾಗಿ ಅದು ಊಟವನ್ನು ಮುಖ್ಯವಾಗಿ ಮೂಗಿನಿಂದಲೇ ಆರಿಸುತ್ತದೆ. ಸಿಹಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗ್ರಹಿಸುವ ಜೀನ್ ಬೆಕ್ಕಿನ ವಂಶದಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಬೆಕ್ಕು ಹಾಲಿಗೆ ಆಸೆಪಡುವುದು ಅದರ ಕೊಬ್ಬಿಗಾಗಿ. ನೆಲ ಕೆರೆಯುವುದನ್ನು ತಿರಸ್ಕಾರವೆಂದು ತಿಳಿಯಬೇಡಿ. ಮಿಕ್ಕ ಬೇಟೆಯನ್ನು ಮಣ್ಣು, ಎಲೆಗಳಿಂದ ಮುಚ್ಚಿಡುವ ಹಳೆಯ ಅಭ್ಯಾಸ ಅದು.

ಈಗಿರುವ ಚೀಲವನ್ನು ಬದಿಗಿಟ್ಟು, ಚಿಕ್ಕ ಪೊಟ್ಟಣ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು ನೋಡಿ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ಒಣ ಆಹಾರ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಸಾಕು, ಅದನ್ನು ನಾಲ್ಕೈದು ಸಲ ಹಂಚಿ ಕೊಡಿ. ಬೆಕ್ಕು ಸ್ವಭಾವತಃ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ತಿನ್ನುವ ಪ್ರಾಣಿ. ಕಾಳಿನ ಮೇಲೆ ಎರಡು ಚಮಚ ಬಿಸಿನೀರು ಹಾಕಿ, ಉಗುರುಬೆಚ್ಚಗಾದಾಗ ಇಡಿ. ಆಗ ತಾನೇ ಹಿಡಿದ ಇಲಿಯ ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟು ಬಿಸಿ ಇದ್ದರೆ ವಾಸನೆ ಚೆನ್ನಾಗಿ ಏಳುತ್ತದೆ. ನೆನೆಸಿದ್ದನ್ನು ಅರ್ಧ ಗಂಟೆಯ ನಂತರ ತೆಗೆದುಬಿಡಿ. ತಟ್ಟೆ ಅಗಲವಾಗಿರಲಿ, ನಾಯಿ ಸುಳಿಯದ ಜಾಗದಲ್ಲಿರಲಿ. ಹೊಸ ಬ್ರ್ಯಾಂಡ್‌ಗೆ ಬದಲಾಯಿಸುವುದಿದ್ದರೆ ಹಳೆಯದರ ಜೊತೆ ಕಾಲು ಭಾಗದಿಂದ ಆರಂಭಿಸಿ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಬಲವಂತವಾಗಿ ಬಾಯಿಗೆ ತುರುಕಬೇಡಿ, ಊಟದಲ್ಲಿ ಔಷಧಿ ಬೆರೆಸಿ ಮೋಸ ಮಾಡಬೇಡಿ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತಿರುತ್ತದೆ: ಒಮ್ಮೆ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡ ಆ ಬೆಕ್ಕು ಅರಸನ ಮುಂದೆ ಹಾಲು ಕಂಡೊಡನೆ ಓಡಿಹೋಯಿತು. ಕಥೆಯಾದರೂ ಅದರಲ್ಲಿ ಬೆಕ್ಕಿನ ಸ್ವಭಾವ ಸರಿಯಾಗಿಯೇ ಇದೆ. ನೋವು ಅಥವಾ ವಾಕರಿಕೆಯ ಜೊತೆ ಒಮ್ಮೆ ಬೆಸೆದುಕೊಂಡ ಆಹಾರವನ್ನು ಅದು ಬಹುಕಾಲ ಮುಟ್ಟುವುದಿಲ್ಲ.

ಸಸ್ಯಾಹಾರಿ ಮನೆಯ ಮಾತನ್ನೂ ಹೇಳಬೇಕು, ಏಕೆಂದರೆ ಇದನ್ನು ಕೇಳಲು ಅನೇಕರು ಸಂಕೋಚಪಡುತ್ತಾರೆ. ಹಾಲನ್ನ, ಮೊಸರನ್ನದಿಂದ ಬೆಕ್ಕಿನ ಹೊಟ್ಟೆ ತುಂಬಬಹುದು, ದೇಹಕ್ಕೆ ಬೇಕಾದದ್ದು ಸಿಗುವುದಿಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದಲೇ ಬರಬೇಕು, ಅಕ್ಕಿ ಬೇಳೆಗಳಲ್ಲಿ ಇಲ್ಲವೇ ಇಲ್ಲ. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ. ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುವ ಕಾಯಿಲೆಗೂ ಇದೇ ಕೊರತೆ ಕಾರಣವೆಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಮೇಲೆ ಕ್ಯಾಟ್‌ಫುಡ್‌ಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಕ್ಯಾರೆಟ್ಟಿನಲ್ಲಿರುವ ಅಂಶವನ್ನು ನಾವು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ, ಬೆಕ್ಕಿಗೆ ಅದೂ ಸಾಧ್ಯವಿಲ್ಲ. ಮನೆಯ ಒಲೆಯ ಮೇಲೆ ಮಾಂಸ ಬೇಯಿಸಲು ನಿಮಗೆ ಮನಸ್ಸಿಲ್ಲದಿದ್ದರೆ ಅದನ್ನು ನಾನು ಗೌರವಿಸುತ್ತೇನೆ. ಅಂಥ ಮನೆಗೆ ಸಮತೋಲನದ ಕ್ಯಾಟ್‌ಫುಡ್ಡೇ ಸರಿಯಾದ ದಾರಿ, ನಿಮ್ಮ ಮಗ ತಂದದ್ದು ಒಳ್ಳೆಯದೇ ಆಯಿತು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ನಿಮ್ಮ ಬೆಕ್ಕಿಗೆ ಹಾಲು ಹಿಡಿಸಿದೆ ಎಂದಾದರೂ ಅದನ್ನು ದಿನಕ್ಕೆ ಎರಡು ಮೂರು ಚಮಚಕ್ಕೆ, ಅದೂ ಊಟವಾದ ಮೇಲೆ, ಕ್ರಮೇಣ ಇಳಿಸಿ. ಹಸಿವೆಯ ಅರ್ಧವನ್ನು ಹಾಲು ಕೊಂಡೊಯ್ಯುತ್ತಿರುವಾಗ ತಟ್ಟೆಯ ಕಾಳು ಹೇಗೆ ರುಚಿಸೀತು?

ಪ್ರಶ್ನೆ: ನಾವು ಮಂಗಳೂರಿನವರು. ನಮ್ಮ ಗಂಡು ಬೆಕ್ಕು ಹಸಿ ಬೂತಾಯಿ ಮೀನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಮೀನುಗಾರಿಕೆಗೆ ರಜೆ ಇರುವ ಮಳೆಗಾಲದಲ್ಲಿ ಮೀನು ಸಿಗದೆ ತುಂಬ ಕಷ್ಟವಾಗುತ್ತದೆ. ಸಾರಿನಲ್ಲಿ ಬೆಂದ ಮೀನು ಕೊಡಬಹುದೇ?

ಉತ್ತರ: ಸಾರಿನ ಮೀನು ಬೇಡ. ಅದರಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬೂತಾಯಿಯೊಂದನ್ನೇ ತಿನ್ನುವುದೂ ಒಳ್ಳೆಯದಲ್ಲ. ಎಣ್ಣೆಯಂಶ ಹೆಚ್ಚಿರುವ ಮೀನನ್ನೇ ತಿಂಗಳುಗಟ್ಟಲೆ ತಿಂದ ಬೆಕ್ಕಿನಲ್ಲಿ ಇ ಜೀವಸತ್ವ ಕಡಿಮೆಯಾಗಿ, ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗಿ, ಮೈ ಮುಟ್ಟಿದರೆ ಕಿರುಚುವಷ್ಟು ನೋವಾಗುತ್ತದೆ. ಕೆಲವು ಮೀನುಗಳು ಹಸಿಯಾಗಿದ್ದಾಗ ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ. ಆಗ ಬೆಕ್ಕು ತಲೆ ಎತ್ತಲಾರದೆ ಗದ್ದವನ್ನು ಎದೆಗೆ ಊರಿ ತೂರಾಡುತ್ತದೆ. ಇದು ತುರ್ತು ಚಿಕಿತ್ಸೆಯ ವಿಷಯ. ಮೀನನ್ನು ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ.

ಆದ್ದರಿಂದ ಮೊದಲ ವಾರ ಅದೇ ಬೂತಾಯಿಯನ್ನು ಉಪ್ಪು, ಮಸಾಲೆ ಹಾಕದೆ ನೀರಿನಲ್ಲಿ ಬೇಯಿಸಿ, ಮುಳ್ಳು ತೆಗೆದು ಕೊಡಿ. ಮೇಲಿನ ಉತ್ತರದಲ್ಲಿ ಹೇಳಿದ ಮುಳ್ಳನ್ನು ಮರೆಯಬೇಡಿ. ಅದು ರೂಢಿಯಾದ ಮೇಲೆ ಬೇಯಿಸಿದ ಕೋಳಿಮಾಂಸವನ್ನು ಉಗುರಿನಷ್ಟು ಹಿಸುಕಿ, ಮೀನಿನ ನೀರಿನಲ್ಲೇ ಕಲಸಿ, ದಿನದಿನಕ್ಕೂ ಹೆಚ್ಚಿಸುತ್ತ ಹೋಗಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಬಹಳಷ್ಟು ಅದರೊಳಗೆ ಇಳಿದಿರುತ್ತದೆ. ಅದೇ ನೀರನ್ನು ಕ್ಯಾಟ್‌ಫುಡ್ ಮೇಲೆ ಸುರಿದರೆ ಮೀನಿನ ವಾಸನೆಗೆ ಸೋತು ಕಾಳನ್ನೂ ತಿನ್ನತೊಡಗುತ್ತದೆ. ಒಂದು ತಿಂಗಳು, ಕೆಲವೊಮ್ಮೆ ಎರಡು ತಿಂಗಳು ಬೇಕಾಗಬಹುದು. ಮೀನು ಧಾರಾಳವಾಗಿ ಸಿಗುವ ಈಗಲೇ ಆರಂಭಿಸಿದರೆ ರಜೆಯ ದಿನಗಳಿಗೆ ಬೆಕ್ಕು ಸಿದ್ಧವಾಗಿರುತ್ತದೆ. ಕೋಳಿಯ ಯಕೃತ್ತನ್ನು ಬೆಕ್ಕುಗಳು ಬಹಳ ಇಷ್ಟಪಡುತ್ತವೆ. ವಾರಕ್ಕೊಮ್ಮೆ ಒಂದು ಚೂರಿಗಿಂತ ಹೆಚ್ಚು ಬೇಡ, ನಿತ್ಯ ತಿಂದರೆ ಎ ಜೀವಸತ್ವ ಮಿತಿಮೀರಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ.

ಪ್ರಶ್ನೆ: ಹನ್ನೊಂದು ವರ್ಷದ ನಮ್ಮ ಬೆಕ್ಕು ಇತ್ತೀಚೆಗೆ ಊಟದಲ್ಲಿ ತುಂಬ ಚೌಕಾಸಿ ಮಾಡುತ್ತಿದೆ. ಮೂರು ಬಗೆಯ ಆಹಾರ ತಂದರೂ ಎರಡು ತುತ್ತಿಗೆ ಬಿಡುತ್ತದೆ. ಆದರೆ ನೀರನ್ನು ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆ. ಮೈ ಸ್ವಲ್ಪ ಇಳಿದಂತೆ ಕಾಣುತ್ತದೆ. ಇನ್ನಾವ ಆಹಾರ ತರಲಿ? – ಬೆಂಗಳೂರಿನ ಓದುಗರು

ಉತ್ತರ: ನಾಲ್ಕನೆಯ ಆಹಾರ ಹುಡುಕುವುದನ್ನು ನಿಲ್ಲಿಸಿ, ಈ ವಾರವೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ವಯಸ್ಸಾದ ಬೆಕ್ಕು ಹೆಚ್ಚು ನೀರು ಕುಡಿದು, ಕಡಿಮೆ ತಿಂದು, ತೂಕ ಕಳೆದುಕೊಳ್ಳುತ್ತಿದ್ದರೆ ಮೊದಲು ಮೂತ್ರಪಿಂಡಗಳನ್ನು ಪರೀಕ್ಷಿಸಬೇಕು; ಹಲ್ಲು ಮತ್ತು ರಕ್ತದ ಸಕ್ಕರೆಯನ್ನೂ ನೋಡಬೇಕು. ಮೂತ್ರಪಿಂಡದ ಕಾಯಿಲೆಯನ್ನು ಬೇಗ ಗುರುತಿಸಿದರೆ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿ ಬಾಳುವುದನ್ನು ನಾನು ಕಂಡಿದ್ದೇನೆ. ಜ್ವರವಿರಬಹುದೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಬೇಡಿ, ಒಂದು ಮಾತ್ರೆಯೇ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಹೋಗುವ ಹಿಂದಿನ ದಿನ, ನೀರಿನ ಬಟ್ಟಲಿಗೆ ಅಳೆದು ನೀರು ಹಾಕಿ ದಿನಕ್ಕೆ ಎಷ್ಟು ಕುಡಿಯಿತು ಎಂಬುದನ್ನು ಬರೆದುಕೊಳ್ಳಿ, ಮತ್ತು ಅದು ತಟ್ಟೆಯ ಮುಂದೆ ಕೂತು ತಿನ್ನಲು ಯತ್ನಿಸುವ ಒಂದೆರಡು ನಿಮಿಷಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡುವ ಬೆಕ್ಕು ಅಲ್ಲಿ ನಮಗೆ ತೋರಿಸದ್ದನ್ನು ಆ ಚಿತ್ರ ತೋರಿಸುತ್ತದೆ.